ಹೊರಗೆ ಸಿಕ್ಕ ಒಣಮರವನ್ನು ಅಕ್ವೇರಿಯಂಗೆ ಹಾಕಬಹುದೇ?

ಪ್ರಶ್ನೆ: ಏರಿಮೇಲಿನವ, ಕೋಲಾರ

ಮಾನ್ಯರೇ, ನಮ್ಮ ಮನೆಯಲ್ಲಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಅಕ್ವೇರಿಯಂ ಇದ್ದು, ಅದರಲ್ಲಿ ಗಪ್ಪಿ ಮತ್ತು ಮೋಲಿ ಮೀನುಗಳಿವೆ. ಅಂಗಡಿಯ ಡ್ರಿಫ್ಟ್‌ವುಡ್ (ಅಕ್ವೇರಿಯಂನೊಳಗೆ ಅಲಂಕಾರಕ್ಕಿಡುವ ಒಣಮರ) ದುಬಾರಿಯೆನಿಸಿದ್ದರಿಂದ ಹೊರಗೆ ಬಿದ್ದಿರುವ ಮರವನ್ನೇ ಬಳಸಬೇಕೆಂದಿದ್ದೇನೆ. ನಮ್ಮ ಹೊಲದ ಬದುವಿನಲ್ಲಿ ಹುಣಸೆ ಬೇರಿನ ತುಂಡೊಂದು ಸಿಕ್ಕಿದೆ. ಕೆರೆ ಅಂಚಿನಲ್ಲಿ, ಯಾವ ಮರದ್ದೆಂದು ತಿಳಿಯದ, ಸಿಪ್ಪೆ ಕಳಚಿ ಬೂದು ಬಣ್ಣಕ್ಕೆ ತಿರುಗಿರುವ ಕವಲು ಕೊಂಬೆಯೊಂದು ಸಿಕ್ಕಿದೆ. ನೋಡಲು ಅದೇ ಹೆಚ್ಚು ಚೆನ್ನಾಗಿದೆ. ಇವನ್ನು ಕುದಿಸಿ ಹಾಕಿದರೆ ಸಾಕೇ? ಮರ ಹಾಕಿದರೆ ನೀರು ಹುಳಿಯಾಗಿ ಮೀನು ಸಾಯುತ್ತವೆ ಎಂದು ಅಂಗಡಿಯವರು ಹೇಳಿದ್ದು ನಿಜವೇ? ನಮ್ಮದು ಕೊಳವೆಬಾವಿಯ ಗಡಸು ನೀರು.

ಉತ್ತರ 1: ಗಾಜಿನತೊಟ್ಟಿ

ಕುದಿಸುವ ಮಾತು ಆಮೇಲಿನದು, ಮೊದಲು ಅದು ಯಾವ ಮರವೆಂದು ಗೊತ್ತಾಗಬೇಕು. ನಮ್ಮ ಕಡೆಯ ಬದು, ಏರಿ, ರಸ್ತೆಬದಿಗಳಲ್ಲಿ ಧಾರಾಳವಾಗಿರುವ ಹೊಂಗೆ ಮತ್ತು ಬೇವು ಎರಡೂ ಮೀನಿಗೆ ಆಗಿಬರುವುದಿಲ್ಲ. ಹೊಂಗೆಯ ಬೇರು, ಬೀಜಗಳನ್ನು ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುವ ರೂಢಿಯೇ ಹಿಂದೆ ಇತ್ತು. ಹಾಲು ಒಸರುವ ಕಳ್ಳಿ, ಎಕ್ಕ ಹಾಗೂ ಕಣಗಿಲೆಗಳನ್ನು ಮುಟ್ಟಲೇಬೇಡಿ. ನೀಲಗಿರಿಯಲ್ಲಿ ಎಣ್ಣೆಯಂಶವಿರುವುದರಿಂದ ಅದೂ ಬೇಡ. ಬಿಸಿಲಿಗೆ ಬೂದಾದ ಮೇಲೆ ಎಲ್ಲ ಕೊಂಬೆಗಳೂ ಒಂದೇ ರೀತಿ ಕಾಣುತ್ತವೆಯಾದ್ದರಿಂದ, ನಿಮ್ಮ ಎರಡನೆಯ ಕೊಂಬೆ ಎಷ್ಟೇ ಚೆಂದವಿದ್ದರೂ ಅದನ್ನು ಶೋಕೇಸಿನಲ್ಲಿಡಿ, ನೀರಿಗೆ ಇಳಿಸಬೇಡಿ.

ಹುಣಸೆಯನ್ನು ಬಳಸಬಹುದು, ಆದರೆ ಚೇಗನ್ನು, ಅಂದರೆ ಒಳಗಿನ ಗಟ್ಟಿ ಮರವನ್ನು ಮಾತ್ರ. ಹೊರಪದರದ ಬಿಳಿ ಮರಕ್ಕೆ ಬೇಗ ಹುಳು ಹಿಡಿಯುತ್ತದೆ, ನೀರಿನಲ್ಲಿ ಮೆತ್ತಗಾಗಿ ಕೊಳೆಯುತ್ತದೆ. ಚಾಕುವಿನಿಂದ ಅದನ್ನೆಲ್ಲ ಹೆರೆದು, ಕಂದುಗಪ್ಪಾದ ಗಟ್ಟಿ ಭಾಗ ಉಳಿಯುವಂತೆ ಮಾಡಿಕೊಳ್ಳಿ. ಉಗುರು ಒತ್ತಿದಾಗ ಗುರುತು ಬೀಳುವ ಜಾಗ, ಹಿಟ್ಟು ಉದುರುವ ಸಣ್ಣ ತೂತುಗಳಿರುವ ಜಾಗ ಎಲ್ಲವನ್ನೂ ತೆಗೆಯಿರಿ. ಮರ ಪೂರ್ತಿ ಒಣಗಿರಬೇಕು: ಸಣ್ಣ ಎಳೆಯೊಂದನ್ನು ಮುರಿದರೆ ಬಾಗದೆ ಲಟಕ್ಕನೆ ಮುರಿಯಬೇಕು. ಬಳಿಕ ಸೋಪು ಹಾಕದೆ ಗಟ್ಟಿ ಬ್ರಷ್ಷಿನಿಂದ ಉಜ್ಜಿ ತೊಳೆದು, ಅಡುಗೆಗೆ ಬಳಸದ ಹಂಡೆಯಲ್ಲಿ ಒಂದೆರಡು ಗಂಟೆ ಕುದಿಸಿ, ಆಗಾಗ ನೀರು ಬದಲಿಸುತ್ತ ಬಕೆಟ್ಟಿನಲ್ಲಿ ನೆನೆಹಾಕಿ. ತಾನಾಗಿ ಮುಳುಗಲು ಕೆಲವು ವಾರಗಳೇ ಹಿಡಿಯಬಹುದು. ಅಷ್ಟು ತಾಳ್ಮೆಯಿಲ್ಲದಿದ್ದರೆ ಕರಿಕಲ್ಲಿನ ತುಂಡು ಚಪ್ಪಡಿಯೊಂದಕ್ಕೆ ತುಕ್ಕು ಹಿಡಿಯದ ಸ್ಕ್ರೂ ಹಾಕಿ ಕೂರಿಸಿ. ಗ್ರಾನೈಟ್ ನೀರಿನಲ್ಲಿ ಕರಗುವುದಿಲ್ಲ, ಕೋಲಾರದಲ್ಲಿ ಅದಕ್ಕೆ ಬರವೂ ಇಲ್ಲ.

ಉತ್ತರ 2: ಮುಳಬಾಗಿಲಿನ ಓದುಗ

ಅಂಗಡಿಯವರ ಮಾತು ನಿಮ್ಮ ನೀರಿಗೆ ಅಷ್ಟಾಗಿ ಅನ್ವಯಿಸುವುದಿಲ್ಲ. ಮರದಿಂದ ಇಳಿಯುವ ಟ್ಯಾನಿನ್ ಎಂಬ ಒಗರಿನ ಅಂಶ ನೀರಿನ ಪಿಎಚ್ ಅನ್ನು ತಗ್ಗಿಸುವುದು (ಅಂದರೆ ನೀರನ್ನು ಹುಳಿಯತ್ತ ತಿರುಗಿಸುವುದು) ನಿಜವಾದರೂ, ನಮ್ಮ ಕೊಳವೆಬಾವಿ ನೀರಿನಲ್ಲಿ ಹೇರಳವಾಗಿರುವ ಬೈಕಾರ್ಬೊನೇಟ್ ಆ ಆಮ್ಲವನ್ನು ಹೀರಿಕೊಳ್ಳುವುದರಿಂದ ಪಿಎಚ್ ಹೆಚ್ಚು ಅಲುಗಾಡುವುದಿಲ್ಲ. ಲವಣಗಳನ್ನು ಸೋಸಿ ತೆಗೆದ ಆರ್‌ಓ ನೀರು ತುಂಬುವವರು ಮಾತ್ರ ಎಚ್ಚರ ವಹಿಸಬೇಕು. ನೀರು ತೆಳು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದರಿಂದ ಮೀನಿಗೆ ತೊಂದರೆಯಿಲ್ಲ, ನೋಡುವವರಿಗೆ ಇಷ್ಟವಾಗದಿರಬಹುದಷ್ಟೆ. ಗಪ್ಪಿ, ಮೋಲಿಗಳಿಗಂತೂ ಗಡಸು ನೀರೇ ಒಗ್ಗುತ್ತದೆ.

ಉತ್ತರ 3: ಬಂಗಾರಪೇಟೆ_ಮೀನು

ಕೆರೆ ಅಂಚಿನ ಕೊಂಬೆಯನ್ನು ಬಿಡಲು ಇನ್ನೂ ಒಂದು ಕಾರಣವಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಅನೇಕ ಕೆರೆಗಳಿಗೆ ಹರಿಯುತ್ತಿರುವುದು ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿದ ನೀರು. ಅದರಲ್ಲಿ ಬಹುಕಾಲ ನೆನೆದ ಮರ ಏನೇನು ಹೀರಿಕೊಂಡಿದೆಯೆಂದು ಹೊರಗಿನಿಂದ ಹೇಳಲಾಗದು. ಕುದಿಸಿದರೆ ಕ್ರಿಮಿಗಳು ಸಾಯುತ್ತವೆಯೇ ಹೊರತು ಒಳಗಿಳಿದ ಲೋಹದಂಶ ಹೋಗುವುದಿಲ್ಲ. ನಿಮ್ಮ ಕೆರೆಗೆ ಆ ನೀರು ಬರುತ್ತದೆಯೇ ಎಂದು ವಿಚಾರಿಸಿಕೊಳ್ಳಿ. ಟೊಮೆಟೊ ಅಥವಾ ಮಾವಿಗೆ ಔಷಧಿ ಹೊಡೆಯುವ ಹೊಲವಾದರೆ ಬದುವಿನ ಬೇರಿನ ಬಗ್ಗೆಯೂ ಇದೇ ಮಾತು.

ಏರಿಮೇಲಿನವ

ಎಲ್ಲರಿಗೂ ಧನ್ಯವಾದಗಳು. ಬದುವಿನ ಆಚೀಚೆ ರಾಗಿ, ಅವರೆ ಮಾತ್ರ ಬೆಳೆಯುವುದರಿಂದ ಔಷಧಿಯ ಭಯವಿಲ್ಲ, ಹುಣಸೆಯನ್ನೇ ಹೆರೆಯುತ್ತೇನೆ. ಹೊಸ ಮರದ ಮೇಲೆ ಬಿಳಿ ಲೋಳೆ ಕಟ್ಟುತ್ತದೆಂದು ಕೇಳಿದ್ದೇನೆ, ಅದಕ್ಕೇನು ಮಾಡಬೇಕು?

ಗಾಜಿನತೊಟ್ಟಿ

ಅದು ಮರದ ಸಕ್ಕರೆಯಂಶವನ್ನು ತಿನ್ನುವ ಬ್ಯಾಕ್ಟೀರಿಯಾ ಮತ್ತು ಬೂಷ್ಟಿನ ಪದರ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ. ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿ ತೆಗೆಯಬಹುದು, ಮೋಲಿಗಳೂ ಅದನ್ನು ಕೆರೆದು ತಿನ್ನುತ್ತವೆ. ಆದರೆ ಮರ ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಒಳಗಿನಿಂದ ಕೊಳೆಯುತ್ತಿದೆ ಎಂದರ್ಥ. ಕೂಡಲೇ ಹೊರತೆಗೆದು ಅರ್ಧದಷ್ಟು ನೀರು ಬದಲಿಸಿ.