‘ನೋಮೋಸ್’ಗೆ ಕನ್ನಡದಲ್ಲಿ ಏನು ಹೇಳೋಣ: ಕಾನೂನೋ, ಧರ್ಮವೋ, ಕಟ್ಟಳೆಯೋ?

ಗೆಳೆಯರೇ,

‘ನೋಮೋಸ್’ ಅನ್ನುವ ಒಂದು ಗ್ರೀಕ್ ಪದದ ಹತ್ತಿರ ಮೂರು ವಾರದಿಂದ ನಿಂತುಬಿಟ್ಟಿದ್ದೇನೆ. ನಿಮ್ಮಲ್ಲಿ ಅನುವಾದ ಮಾಡುವವರು, ಹಳಗನ್ನಡ ಓದಿದವರು, ನಾಟಕದ ಮಾತು ಬಾಯಲ್ಲಿ ಹೇಗೆ ಕೂರುತ್ತದೆ ಅಂತ ಬಲ್ಲವರು ಇದ್ದೀರಿ. ನಿಮ್ಮ ಕಿವಿ ನನಗೆ ಬೇಕು.

ನಾವು ನಾಲ್ಕೈದು ಜನ ಸೇರಿ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ‘ಅಂತಿಗೊನೆ’ಯನ್ನು ಗಟ್ಟಿಯಾಗಿ ಓದುವುದಕ್ಕೆ ಒಂದು ಕನ್ನಡ ಪಠ್ಯ ಮಾಡಿಕೊಳ್ಳುತ್ತಿದ್ದೇವೆ. ಕ್ರಿ.ಪೂ. 441ರ ಸುಮಾರಿನ ನಾಟಕ. ಕಥೆ ಬಹಳ ಜನಕ್ಕೆ ಗೊತ್ತು. ಅಣ್ಣತಮ್ಮಂದಿರಿಬ್ಬರು ಒಬ್ಬರನ್ನೊಬ್ಬರು ಕೊಂದುಕೊಂಡಿದ್ದಾರೆ. ಥೀಬ್ಸ್ ನಗರದ ಪರವಾಗಿ ಕಾದಿದವನಿಗೆ ಮರ್ಯಾದೆಯ ಮಣ್ಣು ಸಿಗುತ್ತದೆ. ಥೀಬ್ಸ್ ಮೇಲೆ ದಂಡೆತ್ತಿ ಬಂದ ಪಾಲಿನೈಸಸನನ್ನು ಯಾರೂ ಮಣ್ಣು ಮಾಡಕೂಡದು ಅಂತ ದೊರೆ ಕ್ರೆಯಾನ್ ಸಾರಿಸುತ್ತಾನೆ. ಒಡಹುಟ್ಟಿದ ಅಂತಿಗೊನೆ ಆ ಹೆಣದ ಮೇಲೆ ಒಣ ಧೂಳು ತೂರಿ ಸಿಕ್ಕಿಬೀಳುತ್ತಾಳೆ. ಕ್ರೆಯಾನ್ ಅವಳನ್ನು ಜೀವಂತವಾಗಿ ಗುಹೆಯಲ್ಲಿ ಮುಚ್ಚಿಸುತ್ತಾನೆ.

ಈಗ 449ನೇ ಸಾಲು. ಕ್ರೆಯಾನ್ ಕೇಳುತ್ತಾನೆ: ಈ ‘ನೋಮೋಸ್’ಗಳನ್ನು ದಾಟುವ ಧೈರ್ಯ ಮಾಡಿದೆಯಾ? ನಮ್ಮ ಮೊದಲ ಕರಡಿನಲ್ಲಿ ಅದು “ಕಾನೂನು ಮೀರುವ ಧೈರ್ಯ ಬಂತೇ ನಿನಗೆ?” ಅಂತ ಆಗಿತ್ತು. ಅದಕ್ಕೆ ಅವಳ ಉತ್ತರದಲ್ಲಿ “ದೇವರುಗಳ ಬರೆಯದ ಧರ್ಮ” ಅಂತ ಹಾಕಿದ್ದೆವು. ಓದಿದಾಗ ಎರಡೂ ಚೆನ್ನಾಗಿಯೇ ಕೇಳಿಸಿತು. ಅವಳ ಪಾತ್ರ ಓದುತ್ತಿದ್ದವರು ಸ್ವಲ್ಪ ಹೊತ್ತು ಸುಮ್ನೆ ಇದ್ದು, “ಇಲ್ಲಿ ನಾನು ವಾದ ಮಾಡುವುದಕ್ಕೆ ಏನು ಉಳಿದಿದೆ? ಪದವೇ ನನ್ನ ಪರ ಗೆದ್ದುಬಿಟ್ಟಿದೆಯಲ್ಲ” ಅಂದರು.

ಅವರ ಮಾತು ನಿಜ. ಗ್ರೀಕಿನಲ್ಲಿ ಇಬ್ಬರೂ ಆಡುವುದು ಒಂದೇ ಬೇರಿನ ಪದ. ಅವನು ‘ನೋಮೋಸ್’ ಅನ್ನುತ್ತಾನೆ. ಅವಳೂ ಮೊದಲು ಅದನ್ನೇ ಹಿಡಿಯುತ್ತಾಳೆ. ನ್ಯಾಯದೇವತೆ ಮನುಷ್ಯರಿಗೆ ಇಂಥ ನೋಮೋಸ್ ಹಾಕಿಕೊಟ್ಟಿಲ್ಲ ಅನ್ನುತ್ತಾಳೆ. ಮೂರು ಸಾಲು ಆದಮೇಲೆ ದೇವರುಗಳ ಬರೆಯದ, ಅಲುಗದ ‘ನೋಮಿಮಾ’ ಅನ್ನುತ್ತಾಳೆ. ಅದೂ ಅದೇ ಕುಲದ ಪದ. ಇವು ನಿನ್ನೆ ಇವತ್ತಿನವಲ್ಲ, ಯಾವಾಗ ಹುಟ್ಟಿದವು ಅಂತ ಯಾರಿಗೂ ತಿಳಿಯದು ಅಂತ ಸೇರಿಸುತ್ತಾಳೆ. ಜಗಳ ಇರುವುದೇ ಆ ಒಂದು ಪದ ಯಾರದ್ದು ಅನ್ನುವುದರಲ್ಲಿ. ನಾವು ಅದನ್ನು ಎರಡಾಗಿ ಹರಿದು ಅವನಿಗೆ ಕೋರ್ಟಿನ ಪದ ಕೊಟ್ಟೆವು, ಅವಳಿಗೆ ಗುಡಿಯ ಪದ ಕೊಟ್ಟೆವು. ಜಗಳ ಶುರುವಾಗುವ ಮೊದಲೇ ತೀರ್ಪು ಬರೆದ ಹಾಗಾಯಿತು.

‘ನೋಮೋಸ್’ ಹಂಚು, ಪಾಲು ಮಾಡು ಅನ್ನುವ ಅರ್ಥದ ಕ್ರಿಯಾಪದದ ಬಳಗದ್ದು. ಪಾಲಿಗೆ ಬಂದದ್ದು, ಹಾಗೆ ನಡೆದುಕೊಂಡು ಬಂದದ್ದು, ಹಾಗೇ ನಡೆಯಬೇಕಾದದ್ದು, ಎಲ್ಲವೂ ಅದರೊಳಗೆ ಇವೆ. ರೂಢಿಯೂ ಹೌದು, ಶಾಸನವೂ ಹೌದು. ಅದೇ ಕಾಲದ ಇತಿಹಾಸಕಾರ ಹೆರೊಡೊಟಸ್ ಹೇಳುವ ಒಂದು ಪ್ರಸಂಗ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ಪರ್ಷಿಯಾದ ದೊರೆ ಡೇರಿಯಸ್ ಗ್ರೀಕರನ್ನು ಕರೆದು, ಎಷ್ಟು ಹಣ ಕೊಟ್ಟರೆ ಸತ್ತ ನಿಮ್ಮ ಅಪ್ಪಂದಿರನ್ನು ತಿನ್ನುತ್ತೀರಿ ಅಂತ ಕೇಳುತ್ತಾನೆ. ಏನು ಕೊಟ್ಟರೂ ಇಲ್ಲ ಅನ್ನುತ್ತಾರೆ. ಆಮೇಲೆ ತಂದೆತಾಯಿಯ ಹೆಣವನ್ನು ತಿನ್ನುವ ರೂಢಿ ಇದ್ದ ಕಲ್ಲಾತಿಯರು ಅನ್ನುವ ಜನರನ್ನು ಕರೆದು, ಎಷ್ಟು ಕೊಟ್ಟರೆ ಸುಡುತ್ತೀರಿ ಅಂತ ಕೇಳುತ್ತಾನೆ. ಅವರು ಇಂಥ ಮಾತು ಆಡಬೇಡ ಅಂತ ಕೂಗಿಕೊಳ್ಳುತ್ತಾರೆ. ಕೊನೆಗೆ ಹೆರೊಡೊಟಸ್ ಕವಿ ಪಿಂಡಾರನ ಮಾತನ್ನು ನೆನೆಯುತ್ತಾನೆ: ನೋಮೋಸ್ ಎಲ್ಲರ ದೊರೆ. ಇಲ್ಲಿ “ಕಾನೂನು ಎಲ್ಲರ ದೊರೆ” ಅಂದರೆ ಆ ಪ್ರಸಂಗವೇ ಕೆಟ್ಟುಹೋಗುತ್ತದೆ, ಅಲ್ವಾ? ಅವರನ್ನು ತಡೆದದ್ದು ಕಾನೂನಲ್ಲ. ಹಾಗಿದ್ದರೂ ಪಿಂಡಾರ ‘ದೊರೆ’ ಅನ್ನುತ್ತಾನೆ. ರೂಢಿಗೆ ದೊರೆಯ ಬಲ ಇದೆ ಅಂತ ಆ ಕಾಲದಲ್ಲೇ ಕಂಡುಕೊಂಡಿದ್ದರು. ಎರಡು ಕಥೆಯಲ್ಲೂ ಮಾತು ಎದ್ದಿರುವುದು ಹೆಣವನ್ನು ಏನು ಮಾಡಬೇಕು ಅನ್ನುವುದರ ಮೇಲೇ. ಅದು ನನ್ನನ್ನು ಇನ್ನೂ ಕಾಡುತ್ತಿದೆ.

ಈಗ ಕನ್ನಡದಲ್ಲಿ ಏನಿದೆ ನೋಡೋಣ.

‘ಕಾನೂನು’ ಅರಬ್ಬಿ, ಫಾರಸಿ ದಾರಿಯಲ್ಲಿ ಬಂದದ್ದು. ಅದರ ಮೂಲವೂ ಗ್ರೀಕಿನದೇ, ‘ಕನೋನ್’, ಅಂದರೆ ನೆಟ್ಟಗಿರುವ ಅಳತೆಕೋಲು. ನನಗೆ ಇದು ತಿಳಿದಾಗ ಖುಷಿಯಾಯಿತು. ಆದರೆ ಇವತ್ತು ಆ ಪದದಲ್ಲಿ ಅಳತೆಕೋಲು ಕಾಣುವುದಿಲ್ಲ, ವಕೀಲರೇ ಕಾಣುತ್ತಾರೆ. ‘ಶಾಸನ’ ಅಂದರೆ ನಮ್ಮ ಕಿವಿಗೆ ಕಲ್ಲಿನ ಮೇಲೆ ಕೆತ್ತಿದ್ದು. “ಬರೆಯದ ಶಾಸನ” ಅಂದರೆ ಮಾತು ಮಾತಿಗೇ ಡಿಕ್ಕಿ ಹೊಡೆಯುತ್ತದೆ. ಕವಿತೆಯಲ್ಲಾದರೆ ಚೆಂದ, ಇಲ್ಲಿ ಬೇಡ. ‘ಸಂಪ್ರದಾಯ’ ತಲೆಮಾರಿನಿಂದ ತಲೆಮಾರಿಗೆ ಕೊಟ್ಟದ್ದು. ಅವಳಿಗೆ ಹೊಂದುತ್ತದೆ, ನಿನ್ನೆ ಪಟ್ಟಕ್ಕೆ ಬಂದ ಕ್ರೆಯಾನನಿಗೆ ಹೊಂದುವುದಿಲ್ಲ. ‘ರೂಢಿ’, ‘ವಾಡಿಕೆ’ ತುಂಬ ಮೆತ್ತಗಾದವು. ವಾಡಿಕೆ ಮುರಿದವರನ್ನು ಯಾರೂ ಗುಹೆಯಲ್ಲಿ ಮುಚ್ಚುವುದಿಲ್ಲ.

‘ಧರ್ಮ’ದ ಆಸೆ ಎಲ್ಲರಿಗೂ ಆಗುತ್ತದೆ. ಅದಕ್ಕೆ ಎರಡೂ ಅರ್ಥ ಹೊರುವ ಶಕ್ತಿ ಇದೆ. ರಾಜಧರ್ಮ ಅಂತ ಕ್ರೆಯಾನನೂ ಹೇಳಬಹುದು ಅಂತ ನಮ್ಮಲ್ಲೇ ಒಬ್ಬರು ಬಲವಾಗಿ ವಾದಿಸಿದರು. ನಾನು ಒಪ್ಪಲಿಲ್ಲ. ನಮ್ಮ ಕಿವಿಗೆ ಧರ್ಮ ಅಂದ ತಕ್ಷಣ ಅದು ಸರಿ ಅನ್ನುವುದು ಒಳಗೇ ಬಂದುಬಿಡುತ್ತದೆ. ನೋಮೋಸ್‌ನಲ್ಲಿ ಆ ಭರವಸೆ ಇಲ್ಲ. ಕೆಟ್ಟ ನೋಮೋಸ್ ಇರಬಹುದು. ಕೆಟ್ಟ ಧರ್ಮ ಅನ್ನಬೇಕಾದರೆ ನಾವು ‘ಅಧರ್ಮ’ ಅಂತ ಬೇರೆ ಪದವನ್ನೇ ತರುತ್ತೇವೆ.

ಹಾಗಾಗಿ ನಾನು ‘ಕಟ್ಟಳೆ’ಗೆ ಬಂದು ನಿಂತಿದ್ದೇನೆ. ಅದರೊಳಗೆ ‘ಕಟ್ಟು’ ಕೂತಿದೆ. ದೊರೆ ಹಾಕಿದ್ದೂ ಕಟ್ಟಳೆ, ಹಿರಿಯರಿಂದ ಬಂದದ್ದೂ ಕಟ್ಟಳೆ. ಕಟ್ಟುಕಟ್ಟಳೆ ಅಂದಾಗ ಯಾರು ಹಾಕಿದ್ದು ಅಂತ ನಾವು ಕೇಳುವುದೇ ಇಲ್ಲ. ಕಟ್ಟುಪಾಡು, ಕಟ್ಟಾಜ್ಞೆ, ಎಲ್ಲ ಅದೇ ಮನೆಯವು. ತಮಿಳಿನ ‘ಕಟ್ಟಳೈ’ಗೆ ಆಜ್ಞೆ ಅನ್ನುವ ಅರ್ಥವೂ ಇದೆ. ಅಂದರೆ ಈ ಪದ ಕ್ರೆಯಾನನ ಕಡೆಗೂ ವಾಲಬಲ್ಲದು. ಎಲ್ಲಕ್ಕಿಂತ ಮುಖ್ಯ, ಕಟ್ಟುವುದು ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ಹೂ ಕಟ್ಟುತ್ತೇವೆ, ಮನೆ ಕಟ್ಟುತ್ತೇವೆ, ಕೈಕಾಲೂ ಕಟ್ಟುತ್ತೇವೆ. “ಈ ಕಟ್ಟಳೆ ದಾಟುವ ಧೈರ್ಯ ಬಂತೇ ನಿನಗೆ?” “ಇಂಥ ಕಟ್ಟಳೆಯನ್ನು ದೇವರು ಯಾರೂ ನಮಗೆ ಹಾಕಿಕೊಟ್ಟಿಲ್ಲ.” ಹೀಗೆ ಓದಿದಾಗ ಜಗಳಕ್ಕೆ ಜೀವ ಬಂತು.

ಇನ್ನೊಂದು ಪದ ಕಷ್ಟವಿಲ್ಲದೆ ಸಿಕ್ಕಿತು. ಅಂತಿಗೊನೆ ಕ್ರೆಯಾನನ ಆಜ್ಞೆಯನ್ನು ‘ಕೇರುಗ್ಮ’ ಅನ್ನುತ್ತಾಳೆ. ಸಾರುವವನು ಊರಿಗೆಲ್ಲ ಕೂಗಿ ಹೇಳಿದ್ದು. ನಮ್ಮ ‘ಡಂಗುರ’ ಅಲ್ಲಿ ಸರಿಯಾಗಿ ಕೂತಿತು. “ನಿನ್ನ ಡಂಗುರಕ್ಕೆ ಅಷ್ಟು ಬಲ ಇದೆ ಅಂತ ನನಗೆ ಅನಿಸಲಿಲ್ಲ.” ನಾಟಕದ ಎಂಟನೇ ಸಾಲಿನಲ್ಲೇ ಅವಳು ಆ ಪದ ಆಡುತ್ತಾಳೆ. ಅಲ್ಲಿ ಕ್ರೆಯಾನನನ್ನು ದೊರೆ ಅನ್ನುವುದೂ ಇಲ್ಲ, ದಂಡನಾಯಕ ಅನ್ನುತ್ತಾಳೆ. ಅವನ ಮಾತು ಎಷ್ಟರದ್ದು ಅಂತ ಅವಳು ಮೊದಲೇ ಅಳೆದಿಟ್ಟಿದ್ದಾಳೆ.

ನಾನು ಇಷ್ಟು ಉದ್ದ ಬರೆಯುವುದಕ್ಕೆ ಇನ್ನೊಂದು ಕಾರಣ ಇದೆ. ಅಧಿಕಾರದ ಬಗ್ಗೆ ಇರುವ ಹಳೆಯ ದೊಡ್ಡ ಕೃತಿಗಳನ್ನು ಕನ್ನಡಕ್ಕೆ ತರುವಾಗ ನಾವು ‘ದಬ್ಬಾಳಿಕೆ’, ‘ದಮನ’, ‘ಶೋಷಣೆ’ ಅನ್ನುವ ಪದಗಳನ್ನು ಜಾಸ್ತಿ ಸುರಿಯುತ್ತೇವೆ. ಪದಗಳೇನೋ ಒಳ್ಳೆಯವೇ. ಒಂದೊಂದರಲ್ಲೂ ಮೈಗೆ ಆಗುವ ಒಂದೊಂದು ನೋವಿದೆ. ದಬ್ಬಾಳಿಕೆಯಲ್ಲಿ ನನಗೆ ದಬ್ಬುವುದು, ಆಳುವುದು ಎರಡೂ ಕೇಳಿಸುತ್ತವೆ. ಶೋಷಣೆ ಸಂಸ್ಕೃತದಲ್ಲಿ ಒಣಗಿಸುವುದು, ಹೀರಿಬಿಡುವುದು. ತುಳಿತದಲ್ಲಿ ಕಾಲೇ ಇದೆ. ಆದರೆ ಇವು ನೋಡುವವರು, ನೊಂದವರು ಆಡುವ ಪದಗಳು. ನೋಯಿಸುವವರು ತಾವು ಮಾಡುವುದಕ್ಕೆ ಈ ಹೆಸರು ಇಡುವುದಿಲ್ಲ. ಅವರು ಕಟ್ಟಳೆ ಅನ್ನುತ್ತಾರೆ, ಲೆಕ್ಕ ಅನ್ನುತ್ತಾರೆ, ಶಾಂತಿ ಅನ್ನುತ್ತಾರೆ. ಆ ಮಾತಿನ ತಣ್ಣನೆಯ ದನಿ ಅನುವಾದದಲ್ಲಿ ಉಳಿಯಬೇಕು.

ಲೆಕ್ಕದ ಮಾತಿಗೆ ರಷ್ಯನ್ ಲೇಖಕ ಗೊಗೊಲನ 1842ರ ಕಾದಂಬರಿ ನೋಡಿ. ಅದರ ಹೆಸರನ್ನು ಸಾಮಾನ್ಯವಾಗಿ ‘ಸತ್ತ ಆತ್ಮಗಳು’ ಅಂತ ಹೇಳುತ್ತೇವೆ. ಕನ್ನಡ ಓದುಗರಿಗೆ ಅದು ದೆವ್ವದ ಕಥೆಯ ಹಾಗೆ ಕೇಳಿಸುತ್ತದೆ. ರಷ್ಯನ್ನಿನ ‘ದುಷಾ’ ಆತ್ಮವೂ ಹೌದು, ಜಮೀನ್ದಾರರ ಲೆಕ್ಕದಲ್ಲಿ ಒಬ್ಬ ಜೀತದ ರೈತನೂ ಹೌದು. ಎಷ್ಟು ದುಷಾ ಇವೆ ಅಂದರೆ ಎಷ್ಟು ಆಸ್ತಿ ಇದೆ ಅಂತ. ಗಣತಿಯಲ್ಲಿ ಬರೆದ ಪ್ರತಿ ಗಂಡಾಳಿಗೆ ಒಡೆಯ ತೆರಿಗೆ ಕಟ್ಟಬೇಕು. ಆಳು ಸತ್ತರೂ ಮುಂದಿನ ಗಣತಿಯವರೆಗೆ ಪಟ್ಟಿಯಲ್ಲಿ ಬದುಕಿರುತ್ತಾನೆ. ಕಥಾನಾಯಕ ಚಿಚಿಕೋವ್ ಅಂಥ ಸತ್ತವರ ಹೆಸರುಗಳನ್ನು ಕೊಂಡು, ಬದುಕಿದ್ದಾರೆ ಅಂತ ತೋರಿಸಿ ಅಡವಿಟ್ಟು ಸಾಲ ಎತ್ತಲು ಹೊರಡುತ್ತಾನೆ. ಆತ್ಮಕ್ಕೆ ಸಾವಿಲ್ಲ, ಈ ಹೆಸರು ನಡೆಯದು ಅಂತ ಮಾಸ್ಕೋದಲ್ಲಿ ಸೆನ್ಸಾರಿನವರು ತಕರಾರು ತೆಗೆದರು ಅಂತ ಗೊಗೊಲ್ ಪತ್ರದಲ್ಲಿ ಬರೆದಿದ್ದಾನೆ.

ಸೊಬಾಕೆವಿಚ್ ಅನ್ನುವ ಜಮೀನ್ದಾರ ಸತ್ತ ಆಳೊಬ್ಬನಿಗೆ ಮೊದಲು 100 ರೂಬಲ್ ಕೇಳುತ್ತಾನೆ. ಕೊನೆಗೆ ಎರಡೂವರೆಗೆ ಇಳಿಯುತ್ತಾನೆ. ನಡುವೆ ಆ ಸತ್ತವರನ್ನು ಹೊಗಳುತ್ತಾನೆ. ಇವನು ಎಂಥ ಗಾಡಿ ಮಾಡುತ್ತಿದ್ದ, ಅವನು ಎಂಥ ಬಡಗಿ, ಇನ್ನೊಬ್ಬ ಎಂಥ ಮೆಟ್ಟು ಹೊಲಿಯುತ್ತಿದ್ದ ಅಂತ. ಆಮೇಲೆ ಪಟ್ಟಿ ನೋಡಿದರೆ ಅದರಲ್ಲಿ ಒಬ್ಬ ಹೆಂಗಸು. ಹೆಂಗಸರು ಲೆಕ್ಕಕ್ಕೆ ಇಲ್ಲ. ಅದಕ್ಕೆ ‘ಎಲಿಜವೆತಾ’ ಅನ್ನುವ ಹೆಸರಿನ ಕೊನೆಯ ಅಕ್ಷರ ಬದಲಿಸಿ ‘ಎಲಿಜವೆತ್’ ಮಾಡಿದ್ದಾನೆ, ಗಂಡಸಿನ ಹೆಸರಿನ ಹಾಗೆ ಕಾಣಲಿ ಅಂತ. ಬದುಕಿದ್ದಾಗ ಗಣತಿಗೆ ಬರದ ಹೆಂಗಸು ಸತ್ತ ಮೇಲೆ ಒಂದು ಅಕ್ಷರ ಕಳೆದುಕೊಂಡು ಮಾರಾಟವಾಗುತ್ತಾಳೆ. ಒಂದೇ ಅಕ್ಷರದಲ್ಲಿ ಅಷ್ಟೂ ಇದೆ. ಅಲ್ಲಿ ಜೀತ ರದ್ದಾದದ್ದು 1861ರಲ್ಲಿ, ಗೊಗೊಲ್ ತೀರಿಹೋದ ಎಷ್ಟೋ ವರ್ಷದ ಮೇಲೆ.

‘ದುಷಾ’ಗೆ ಮೊದಲು ನನಗೆ ತೋಚಿದ್ದು ‘ಆಳು’. ಕನ್ನಡದ ಈ ಪದ ಎಂಥದ್ದು ನೋಡಿ. ಕ್ರಿಯಾಪದವಾದರೆ ದೊರೆಯ ಕೆಲಸ, ನಾಮಪದವಾದರೆ ಸೇವಕ. ಹಳಗನ್ನಡದಲ್ಲಿ ‘ಆಳ್ದನ್’ ಅಂದರೆ ಒಡೆಯ. ಒಂದಾಳು ಎತ್ತರ ಅಂದಾಗ ಅದು ಸುಮ್ನೆ ಮನುಷ್ಯ, ಅಳತೆಯ ಮನುಷ್ಯ. ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಅನ್ನುವ ಗಾದೆ ಇದರ ಎರಡು ತುದಿಯನ್ನೂ ಹಿಡಿದಿದೆ. ಆದರೂ ‘ಸತ್ತ ಆಳುಗಳು’ ಅಂದರೆ ಅರ್ಥ ನೇರವಾಗಿ ಬರುತ್ತದೆ, ಬೆಚ್ಚಿಬೀಳಿಸುವುದಿಲ್ಲ. ಸೆನ್ಸಾರಿನವರಿಗೆ ಆದ ಗಾಬರಿ ನಮ್ಮ ಓದುಗರಿಗೂ ಆಗಬೇಕು. ‘ಜೀವ’ ಹೇಗೆ? ಮನೆಯಲ್ಲಿ ಐದು ಜೀವ ಇವೆ ಅಂತ ಎಣಿಸುತ್ತೇವೆ. ಬಡಜೀವ ಅಂತ ಮರುಗುತ್ತೇವೆ. ‘ಸತ್ತ ಜೀವಗಳು’ ಅಂದಾಗ ಮಾತಿನಲ್ಲಿ ಒಂದು ಸಿಕ್ಕು ಬೀಳುತ್ತದೆ. ಆ ಸಿಕ್ಕು ನನಗೆ ಬೇಕು. ನಮ್ಮಲ್ಲಿ ತಲೆಗಂದಾಯ ಅಂತ ಇದೆ. ರಷ್ಯನ್ನಿನಲ್ಲಿ ಆ ತೆರಿಗೆಯ ಹೆಸರಿನಲ್ಲೂ ಅದೇ ದುಷಾ ಇದೆ. ‘ಜೀವಗಂದಾಯ’ ಅಂತ ಹೊಸದಾಗಿ ಕಟ್ಟಿದರೆ ತಪ್ಪೇನು?

ಶಾಂತಿಯ ಮಾತು ಚಿಕ್ಕದಾಗಿ ಹೇಳುತ್ತೇನೆ. ನೈಜೀರಿಯಾದ ಲೇಖಕ ಅಚೆಬೆಯ 1958ರ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ನ ಕೊನೆಯಲ್ಲಿ ಬ್ರಿಟಿಷ್ ಅಧಿಕಾರಿ ತಾನು ಬರೆಯಲಿರುವ ಪುಸ್ತಕಕ್ಕೆ ಹೆಸರು ಯೋಚಿಸುತ್ತಾನೆ. ಕೆಳ ನೈಜರ್ ಸೀಮೆಯ ಜನರನ್ನು ‘ಶಾಂತಗೊಳಿಸಿದ್ದರ’ ಬಗ್ಗೆ ಆ ಪುಸ್ತಕ. ಕಥಾನಾಯಕನ ಹೆಣ ಇನ್ನೂ ಮರದಲ್ಲಿ ತೂಗುತ್ತಿದೆ. ರೋಮನ್ನರ ಕಾಲದಲ್ಲಿ ಇತಿಹಾಸಕಾರ ಟಾಸಿಟಸ್ ಒಬ್ಬ ಬ್ರಿಟನ್ ನಾಯಕನ ಬಾಯಲ್ಲಿ ಇದನ್ನೇ ಆಡಿಸಿದ್ದ: ಈ ರೋಮನ್ನರು ಎಲ್ಲ ಹಾಳುಗೆಡವಿ ಅದಕ್ಕೆ ಶಾಂತಿ ಅಂತ ಹೆಸರಿಡುತ್ತಾರೆ. ‘ದಮನ’ ಅಂತ ಹಾಕಿದರೆ ಅಧಿಕಾರಿ ತಾನೇ ತಪ್ಪೊಪ್ಪಿಕೊಂಡ ಹಾಗಾಗುತ್ತದೆ. ‘ಹದ್ದುಬಸ್ತಿಗೆ ತಂದದ್ದು’ ಅಂದರೆ ಆಡಳಿತದ ದನಿ ಬರುತ್ತದೆ, ಸಿಹಿ ಹೋಗುತ್ತದೆ. ನನಗೆ ‘ಸುಮ್ಮನಾಗಿಸಿದ್ದು’ ಹಿಡಿಸಿತು. ಅಳುವ ಮಗುವಿಗೂ ಅದೇ ಮಾತು, ಬಾಯಿ ಮುಚ್ಚಿಸುವುದಕ್ಕೂ ಅದೇ ಮಾತು. ಅದೇ ಕಾದಂಬರಿಯಲ್ಲಿ ‘ಅಗ್ಬಾಲಾ’ ಅನ್ನುವ ಇಗ್ಬೊ ಭಾಷೆಯ ಪದ ಇದೆ. ಹೆಂಗಸು ಅಂತ ಅರ್ಥ. ಊರಿನ ಗೌರವದ ಬಿರುದು ಪಡೆಯದ ಗಂಡಸನ್ನೂ ಹಾಗೇ ಕರೆಯುತ್ತಾರೆ. ಊರೆಲ್ಲ ಹೆದರುವ ದೈವದ ಹೆಸರೂ ಅದೇ. ಅದನ್ನು ಅನುವಾದಿಸದೆ ಹಾಗೇ ಬಿಡಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ.

ಮತ್ತೆ ಥೀಬ್ಸ್‌ಗೆ ಬರುತ್ತೇನೆ, ನಿಜವಾದ ತೊಡಕು ಅಲ್ಲಿದೆ. 1113ನೇ ಸಾಲಿನ ಹೊತ್ತಿಗೆ ಕ್ರೆಯಾನ್ ಹೆದರಿದ್ದಾನೆ. ಕಣಿ ಹೇಳುವ ಟೈರೀಸಿಯಸ್ ಬಂದು ಹೋಗಿದ್ದಾನೆ. ಅಂತಿಗೊನೆಯನ್ನು ಬಿಡಿಸಲು ಹೊರಡುವ ಮುಂಚೆ ಕ್ರೆಯಾನ್ ಹೇಳುತ್ತಾನೆ: ನೆಲೆನಿಂತ ನೋಮೋಸ್‌ಗಳನ್ನು ಬದುಕಿನ ಕೊನೆಯವರೆಗೂ ಪಾಲಿಸುವುದೇ ಒಳ್ಳೆಯದೇನೋ ಅಂತ ನನಗೆ ಭಯ. ಪದ ಅದೇ, ಈಗ ಅದರ ಅರ್ಥ ಅವಳದ್ದು. ಅವನ ಬಾಯಲ್ಲಿ ಅವಳ ನೋಮೋಸ್ ಬಂದಿದೆ. ಆದರೆ ಹೊತ್ತು ಮೀರಿದೆ.

ಇಲ್ಲೂ ‘ಕಟ್ಟಳೆ’ಯನ್ನೇ ಇಟ್ಟರೆ ಕೇಳುವವರಿಗೆ ಈ ತಿರುವು ಗೊತ್ತಾಗುತ್ತದೆಯೇ? “ನೆಲೆನಿಂತ ಕಟ್ಟಳೆ” ಸಾಕೇ, “ಹಿಂದಿನಿಂದ ನಡೆದುಬಂದ ಕಟ್ಟಳೆ” ಬೇಕೇ? ಇನ್ನೊಂದು ಪ್ರಶ್ನೆ ಅಂತಿಗೊನೆಯ ‘ನೋಮಿಮಾ’ದ್ದು. ಅವಳು ಅಲ್ಲಿ ಪದದ ರೂಪವನ್ನು ಸ್ವಲ್ಪವೇ ಬದಲಿಸಿದ್ದಾಳೆ. ಅದನ್ನು ‘ಕಟ್ಟು’ ಅಂತ ಮಾಡೋಣವೇ? “ದೇವರುಗಳ ಬರೆಯದ ಕಟ್ಟು.” ನನ್ನ ಕಿವಿಗೆ ಅದು ಚೆನ್ನಾಗಿದೆ. ಆದರೆ ರಂಗದ ಮೇಲೆ ನಿಂತು ಹೇಳಿದರೆ ಹಿಂದಿನ ಸಾಲಿನಲ್ಲಿ ಕೂತವರಿಗೆ ಅದು ಗಂಟುಕಟ್ಟಿನ ‘ಕಟ್ಟು’ ಅಂತ ಕೇಳಿಸುತ್ತದೆಯೇ? ದಯವಿಟ್ಟು ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿ, ನಿಮಗೆ ಹೇಗೆ ಕೇಳಿಸಿತು ಅಂತ ಬರೆಯಿರಿ.