ಪಂಚಾಯಿತಿ ನೀರಿನ ನಕ್ಷೆ: ಯಾರನ್ನು ಏನು ಕೇಳಬೇಕು?

ಪ್ರಶ್ನೆ:
ನಮ್ಮ ಗ್ರಾಮ ಪಂಚಾಯಿತಿಯ ಕುಡಿಯುವ ನೀರಿನ ಪೈಪ್‌ಲೈನ್‌ಗೆ ಕ್ಯೂಜಿಐಎಸ್ ಎಂಬ ಸಾಫ್ಟ್‌ವೇರ್‌ನಲ್ಲಿ ನಕ್ಷೆ ಮಾಡುತ್ತಿದ್ದೇನೆ. ಪಿಡಿಒ, ಇಂಜಿನಿಯರ್, ನೀರುಗಂಟಿ ಮೂವರಿಗೂ ಒಂದೇ ಫಾರಂ ಕೊಟ್ಟು ಯಾವ ಲೇಯರ್ (ಪೈಪ್, ವಾಲ್ವ್, ನಲ್ಲಿ ಹೀಗೆ ನಕ್ಷೆಯಲ್ಲಿ ಒಂದೊಂದು ಬಗೆಯ ಮಾಹಿತಿಯ ಪದರ) ಬೇಕು ಎಂದು ಕೇಳಿದೆ. ಇಂಜಿನಿಯರ್ ಎಲ್ಲಕ್ಕೂ ಟಿಕ್ ಹಾಕಿದರು. ನೀರುಗಂಟಿ ಏನೂ ಬರೆಯದೆ ವಾಪಸ್ ಕೊಟ್ಟರು. ಎಲ್ಲಿಂದ ಶುರು ಮಾಡಲಿ?

ಉತ್ತರ 1:
ನೀರುಗಂಟಿಯವರಿಂದಲೇ ಶುರು ಮಾಡಿ ಸರ್. ಲೇಯರ್ ಅನ್ನೋ ಮಾತು ಬಿಡಿ. ಬೆಳಿಗ್ಗೆ ನೀರು ಬಿಡುವಾಗ ಅವರ ಜೊತೆ ಸುತ್ತಾಡಿ. ನಾನು ನಾಲ್ಕು ದಿನ ಸುತ್ತಿದೆ. ನನ್ನ ನಕ್ಷೆಯ 'ವಾಲ್ವ್ 7' ಅವರಿಗೆ 'ಅರಳಿಕಟ್ಟೆ ವಾಲ್ವ್'. ಪೈಪ್ ಒಡೆದಾಗ ಯಾವ ವಾಲ್ವ್ ಮುಚ್ಚಬೇಕು, ಮುಚ್ಚಿದರೆ ಯಾವ ಬೀದಿಗೆ ನೀರು ನಿಲ್ಲುತ್ತದೆ, ಇಷ್ಟು ಅವರಿಗೆ ಬೇಕು. ಅದಕ್ಕೆ ಸುಮ್ನೆ ಗೆರೆ ಎಳೆದರೆ ಸಾಲದು. ಯಾವ ಪೈಪ್ ಯಾವುದಕ್ಕೆ ಸೇರುತ್ತದೆ, ನಡುವೆ ಯಾವ ವಾಲ್ವ್ ಇದೆ ಅನ್ನುವುದು ಡೇಟಾದಲ್ಲೇ ಇರಬೇಕು. ಮೊದಲ ಸಲ ನಾನು ಗೆರೆಗಳ ತುದಿ ಒಂದಕ್ಕೊಂದು ಕೂಡಿಸಿರಲಿಲ್ಲ. ಸ್ಕ್ರೀನಿನಲ್ಲಿ ಚೆನ್ನಾಗೇ ಕಾಣುತ್ತಿತ್ತು. ನಕ್ಷೆಯಲ್ಲಿ ಒಂದು ವಾಲ್ವ್ ಮುಚ್ಚಿ ನೋಡಿದರೆ ಯಾವ ಬೀದಿಗೆ ನೀರು ನಿಲ್ಲುತ್ತದೆ ಅನ್ನುವ ಲೆಕ್ಕವೇ ಬರಲಿಲ್ಲ. ಎಲ್ಲ ಮತ್ತೆ ಎಳೆದೆ.

ನಮ್ಮ ಕಡೆ ತ್ರೀಫೇಸ್ ಕರೆಂಟ್ ಬರುವುದು ರಾತ್ರಿ. ಮೋಟರ್ ಹಾಕಲು ಅವರು ಆಗ ಹೋಗುತ್ತಾರೆ. ಕೈ ಒದ್ದೆ, ನೆಟ್‌ವರ್ಕ್ ಇಲ್ಲ. ದೊಡ್ಡ ಅಕ್ಷರದ, ಇಂಟರ್ನೆಟ್ ಇಲ್ಲದೆ ತೆರೆಯುವ ನಕ್ಷೆ ಬೇಕು ಅಂತ ನನಗೆ ಗೊತ್ತಾಗಿದ್ದು ಅಲ್ಲಿ ನಿಂತಾಗಲೇ.

ಉತ್ತರ 2:
ಇಂಜಿನಿಯರ್ ಅವರನ್ನು 'ಹೋದ ಸಲ ಎಸ್ಟಿಮೇಟ್ ಮಾಡುವಾಗ ಏನೇನು ಹುಡುಕಿದಿರಿ?' ಅಂತ ಕೇಳಿ. ಪೈಪಿನ ಉದ್ದ, ಎಷ್ಟು ಇಂಚು, ಪ್ಲಾಸ್ಟಿಕ್ಕಿನ ಪಿವಿಸಿಯೋ ಕಬ್ಬಿಣದ ಜಿಐಯೋ, ಬಹುಶಃ ಇಷ್ಟೇ ಹೇಳುತ್ತಾರೆ. ಪಿಡಿಒಗೆ ನೀರಿನ ಕರದ ಬಾಕಿ ಮುಖ್ಯ. ಹಾಗಾಗಿ ಪ್ರತಿ ನಲ್ಲಿಗೂ ಮನೆಯ ಆಸ್ತಿ ನಂಬರ್ ಸೇರಿಸಿ.

ಎಷ್ಟು ನಿಖರವಾಗಿರಬೇಕು ಅಂತಲೂ ಕೇಳಿ. ಮೊಬೈಲ್ ಜಿಪಿಎಸ್ ಬಯಲಿನಲ್ಲೇ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಹಳ್ಳಿಯ ಎಷ್ಟೋ ಓಣಿಗಳು ಅಷ್ಟು ಅಗಲವೇ ಇಲ್ಲ, ಅಲ್ವಾ? ಅಗೆಯುವವರಿಗಾಗಿ ಗೋಡೆಯಿಂದ ಎಷ್ಟು ಅಡಿ ದೂರ ಅಂತ ಟೇಪ್ ಹಿಡಿದು ಬರೆದಿಡಿ.

ಪ್ರಶ್ನೆ ಕೇಳಿದವರು:
ಇವತ್ತು ಬೆಳಿಗ್ಗೆ ನೀರುಗಂಟಿಯವರ ಜೊತೆ ಹೋಗಿದ್ದೆ. ಕಾಂಕ್ರೀಟ್ ರಸ್ತೆಯ ಅಡಿಯಲ್ಲಿ ಎರಡು ವಾಲ್ವ್ ಹೂತುಹೋಗಿವೆ. ಜಾಗ ಗೊತ್ತಿರುವುದು ಅವರೊಬ್ಬರಿಗೇ. ಮೊದಲು ಅವನ್ನೇ ಗುರುತು ಮಾಡಿದೆ. ಮುಂದೆ ಹೊಸ ನಲ್ಲಿ ಕೊಟ್ಟಾಗ ನಕ್ಷೆಗೆ ಯಾರು ಸೇರಿಸಬೇಕು?

ಉತ್ತರ 1:
ಗುಂಡಿ ಮುಚ್ಚುವ ಮೊದಲೇ ನೀರುಗಂಟಿಯವರು ಕ್ಯೂಫೀಲ್ಡ್‌ನಲ್ಲಿ (ಕ್ಯೂಜಿಐಎಸ್ ನಕ್ಷೆಯನ್ನು ಮೊಬೈಲ್‌ನಲ್ಲಿ ತೆರೆಯುವ ಆ್ಯಪ್) ಫೋಟೊ ತೆಗೆದು ಹಾಕಲಿ. ವಾರಕ್ಕೊಮ್ಮೆ ಡೇಟಾ ಎಂಟ್ರಿ ಆಪರೇಟರ್ ನೋಡಿ ಆಸ್ತಿ ನಂಬರ್ ತುಂಬಲಿ. ಇದನ್ನು ಈಗಲೇ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿ.