ಸಹಾಯ ಬೇಕು: ಹಂಚಿನ ಮನೆಯಲ್ಲಿ ಕಿವಿ ಕೇಳದವರಿಗೆ ಹೊಗೆ ಅಲಾರಂ ಎಲ್ಲಿ ಕೂರಿಸೋದು?

ನಮಸ್ಕಾರ. ಶಿರಸಿ ಹತ್ತಿರದ ಹಳೇ ಹಂಚಿನ ಮನೆ. ಇರೋದು ಗಂಡ ಹೆಂಡತಿ, ಇಬ್ಬರಿಗೂ ಕಿವಿ ಕೇಳಲ್ಲ. ಅಲಾರಂ 85 ಡೆಸಿಬಲ್‌ನಲ್ಲಿ ಕೂಗಿದ್ರೂ ಪ್ರಯೋಜನ ಇಲ್ಲ. ಮಿಂಚೋ ದೀಪ ಎಚ್ಚರ ಇದ್ದಾಗ ಸರಿ, ಗಾಢ ನಿದ್ದೆಯಲ್ಲಿ ನಂಬೋಹಾಗಿಲ್ಲ. ಅದಕ್ಕೇ ರಿಲೇ (ಹೊಗೆ ಕಂಡಾಗ ಬೇರೆ ಸಾಧನವನ್ನು ಆನ್ ಮಾಡೋ ಸ್ವಿಚ್) ಇರೋ 12 ವೋಲ್ಟ್ ಹೊಗೆ ಡಿಟೆಕ್ಟರನ್ನು ಹಾಸಿಗೆ ಅಡಿಯ ವೈಬ್ರೇಟರಿಗೆ ಜೋಡಿಸಿದೆ. ಮಳೆಗಾಲದಲ್ಲಿ ಕರೆಂಟ್ ನೆಚ್ಚಿಕೊಳ್ಳೋಕಾಗಲ್ಲ, ಹಾಗಾಗಿ 7 ಆಂಪಿಯರ್-ಅವರ್ ಬ್ಯಾಟರಿ ಇದೆ. ಗ್ಯಾಸ್ ಡಿಟೆಕ್ಟರ್ ನೆಲದಿಂದ ಒಂದಡಿ ಎತ್ತರದಲ್ಲಿದೆ, ಎಲ್‌ಪಿಜಿ ಗಾಳಿಗಿಂತ ಭಾರ. ಅದರದ್ದು ತಕರಾರಿಲ್ಲ.

ತೊಂದರೆ ಬಚ್ಚಲ ಒಲೆಯದ್ದು. ಮುಚ್ಚಿಗೆ (ಸೀಲಿಂಗ್) ಇಲ್ಲ, ಒಳಗೋಡೆಗಳು ಮಾಡಿನವರೆಗೆ ಹೋಗಿಲ್ಲ. ಬೆಳಿಗ್ಗೆ ನೀರು ಕಾಯಿಸಿದ್ರೆ ಹೊಗೆ ಗೋಡೆ ಮೇಲಿಂದ ಮಲಗೋ ಕೋಣೆಗೆ ಬಂದು ಹಾಸಿಗೆ ನಡುಗತ್ತೆ. ದಿನಾ ಹೀಗಾದ್ರೆ ಬೇಸತ್ತು ಸ್ವಿಚ್ ಆಫ್ ಮಾಡಿ ಮಲಗ್ತಾರೆ, ದೊಡ್ಡ ಭಯ ಅದೇ. ಡಿಟೆಕ್ಟರನ್ನು ಮಾಡಿನ ತುದಿಯಿಂದ ಇಳಿಸಿ ಗೋಡೆಗೆ ಹಾಕಿದಾಗ ಸುಳ್ಳು ಅಲಾರಂ ಕಮ್ಮಿಯಾಯ್ತು. ಆದ್ರೆ ಪರೀಕ್ಷೆಗೆ ಹೊಗೆ ಬಿಟ್ಟರೆ ಅದು ನೇರ ಹಂಚಿನ ಸಂದಿಗೆ ಏರಿ, ಹಾಸಿಗೆ ತುಂಬಾ ತಡವಾಗಿ ನಡುಗ್ತು. 57 ಡಿಗ್ರಿಗೆ ಬಿಸಿಯಾದ್ರೆ ಎಚ್ಚರಿಸೋ ಶಾಖ ಡಿಟೆಕ್ಟರ್ ಬಚ್ಚಲಿಗೆ ಸರಿ. ಮಲಗೋ ಕೋಣೆಗೆ ಅದೊಂದೇ ಸಾಲದು, ಹಾಸಿಗೆ ಹೊಗೆಯಾಡುತ್ತಾ ಸುಟ್ಟರೆ ಶಾಖಕ್ಕಿಂತ ಮುಂಚೆ ಹೊಗೆಯೇ ಜೀವ ತೆಗೆಯುತ್ತೆ.

ಈಗ ಮಲಗೋ ಕೋಣೆಗೆ ಮಾತ್ರ ಹಲಗೆ ಮುಚ್ಚಿಗೆ ಹೊಡೆಸಿ, ಡಿಟೆಕ್ಟರನ್ನು ಅದರ ಅಡಿ ಹಾಕೋ ಯೋಚನೆ. ಆಗ ಜಗಲಿ ಕಡೆ ಬೆಂಕಿ ಬಿದ್ದರೆ ಅದರ ಹೊಗೆ ಒಳಗೆ ಬರೋದು ತಡವಾಗುತ್ತೆ. ಜಗಲಿಗೆ ಇನ್ನೊಂದು ಹೊಗೆ ಡಿಟೆಕ್ಟರ್ ಹಾಕಿದ್ರೆ ಬಚ್ಚಲ ಹೊಗೆಯ ಕಾಟ ಮತ್ತೆ ಶುರು. ಮುಚ್ಚಿಗೆ ಬಿಟ್ಟು ಬಚ್ಚಲ ಗೋಡೆಯನ್ನೇ ಮಾಡಿನವರೆಗೆ ಏರಿಸಿ ಒಲೆಗೆ ಹೊಗೆ ಕೊಳವೆ ಕೊಟ್ಟರೆ ಸಾಕಾ, ಅಥವಾ ಎರಡೂ ಬೇಕಾ? ಹಂಚಿನ ಮನೆಯಲ್ಲಿ ಮಾಡಿ ನೋಡಿದವರು ದಯವಿಟ್ಟು ಹೇಳಿ.